ಗಂಧದ ಕೊರಡನ್ನು ಅರಸಿ

ಪುತ್ತೂರು ಸೀಮೆಯ ಕೆದಂಬಾಡಿಯಲ್ಲಿ ಕಂಪಿಗೆ ಬರವಿಲ್ಲ. ಅಂಗಳದ ಬದಿಯಲ್ಲಿ ಮಲ್ಲಿಗೆ, ತೋಟದಲ್ಲಿ ಅಡಕೆಯ ಹಿಂಗಾರ, ತೋಡಿನ ದಡದಲ್ಲಿ ಕೇದಗೆ. ನಮ್ಮ ಹಿತ್ತಲಲ್ಲಿ ಇಲ್ಲದುದು ಶ್ರೀಗಂಧವೊಂದೇ. ದೇವರ ಕೋಣೆಯ ಕೊರಡಾದರೋ ತೇದು ತೇದು ಹೆಬ್ಬೆರಳಷ್ಟಾಗಿದ್ದಿತು. ಹೊಸತೊಂದನ್ನು ತರುವ ನೆವದಿಂದ ನಾವು ಸುಳ್ಯ, ಸಂಪಾಜೆ, ಮಡಿಕೇರಿಗಳ ಮಾರ್ಗವಾಗಿ ಮೈಸೂರಿಗೆ ಹೊರಟೆವು.

ಮಾನಂದವಾಡಿ ರಸ್ತೆಯಲ್ಲಿರುವ ಗಂಧದೆಣ್ಣೆಯ ಕಾರ್ಖಾನೆಯು ಯುದ್ಧದ ಕೂಸು. ಮೊದಲು ಮೈಸೂರು ಸಂಸ್ಥಾನವು ಮರವನ್ನಷ್ಟೇ ಮಾರುತ್ತಿದ್ದಿತು. ಎಣ್ಣೆಯನ್ನು ತೆಗೆದು ಲಾಭವನ್ನುಣ್ಣುತ್ತಿದ್ದವರು ಬಹುಮಟ್ಟಿಗೆ ಜರ್ಮನರು. 1914ರಲ್ಲಿ ಮಹಾಯುದ್ಧವು ತೊಡಗಲು ಆ ದಾರಿ ಮುಚ್ಚಿ, ಮರವು ಇಲ್ಲಿಯೇ ರಾಶಿಬಿದ್ದಿತು. ವಿಶ್ವೇಶ್ವರಯ್ಯನವರು ದಿವಾನರಾಗಿದ್ದ ಕಾಲವದು. ಬೆಂಗಳೂರಿನ ವಿಜ್ಞಾನಮಂದಿರದ ಸಡ್‌ಬರೋ, ವಾಟ್ಸನ್ ಎಂಬ ಪಂಡಿತರು ಪ್ರಯೋಗಗಳನ್ನು ನಡೆಸಿ ದಾರಿ ತೋರಿದರು. 1916ರಲ್ಲಿ ಬೆಂಗಳೂರಿನಲ್ಲಿಯೂ ಮರುವರ್ಷ ಮೈಸೂರಿನಲ್ಲಿಯೂ ಕೆಲಸವು ಮೊದಲಾಯಿತು. ಚೇಗನ್ನೂ ಬೇರನ್ನೂ ಪುಡಿಮಾಡಿ ಹಬೆಯಿಂದ ಬಟ್ಟಿಯಿಳಿಸುವುದೇ ಕ್ರಮ. ಸೋಸಲೆ ಗರಳಪುರಿ ಶಾಸ್ತ್ರಿಗಳ ಜಾಣ್ಮೆಯಿಂದ ಇದೇ ಎಣ್ಣೆ ಸಾಬೂನಿಗೂ ಇಳಿದು ಮನೆಮನೆಯ ಬಚ್ಚಲನ್ನು ಹೊಕ್ಕಿತು.

ಮೈಸೂರಿನ ಗಂಧದಿಂದ ಹೆಸರು ಪಡೆದ ಮನೆಗಳಲ್ಲಿ ಪ್ಯಾರಿಸಿನ ಗೆರ್ಲೆನ್ ಒಂದು. ಅದರ ಮೊದಲ ಅಂಗಡಿ ತೆರೆದುದು 1828ರಲ್ಲಿ. 1853ರಲ್ಲಿ ಚಕ್ರವರ್ತಿನಿ ಯೂಜೆನಿಗಾಗಿ ಸಿದ್ಧಪಡಿಸಿದ ಸುಗಂಧಜಲದ ಕುಪ್ಪಿಯ ಮೈಮೇಲೆ ಜೇನ್ನೊಣಗಳನ್ನು ಮೂಡಿಸಿದ್ದರು. ಇಂದಿಗೂ ಜೇನ್ನೊಣವೇ ಆ ಮನೆಯ ಗುರುತು. ಪರಿಮಳದ ಪಾಕವು ತಲೆಮಾರುಗಳವರೆಗೆ ಒಂದೇ ಕುಟುಂಬದವರ ಕೈಯಲ್ಲಿದ್ದಿತು. 1925ರಲ್ಲಿ ಅವರು ಒಂದು ಪರಿಮಳಕ್ಕೆ ಮೊಗಲರ ತೋಟದ ಹೆಸರನ್ನು ಎರವಲು ತಂದು 'ಶಾಲಿಮಾರ್' ಎಂದರು. 1989ರಲ್ಲಿ ಮಲ್ಲಿಗೆಗೆ ಮೈಸೂರಿನ ಗಂಧವನ್ನು ಕೂಡಿಸಿದ ಇನ್ನೊಂದಕ್ಕೆ ಇಟ್ಟ ಹೆಸರು 'ಸಂಸಾರ'! ಅಕ್ಕಿ, ಸೌದೆ, ಮಕ್ಕಳ ಶಾಲೆಯ ಶುಲ್ಕ ಎಂದು ಸಂಸಾರವನ್ನು ಬಲ್ಲ ನಮ್ಮ ಗೃಹಿಣಿಯರು ಇದನ್ನು ಕೇಳಿ ನಗದಿರಲಾರರು. ಆದರೂ ಕೆಂಪು ಕುಪ್ಪಿಯಲ್ಲಿ ಅಡಗಿರುವುದು ನಮ್ಮ ದೇವರ ಕೋಣೆಯ ವಾಸನೆಯೇ ಅಲ್ಲವೆ?

ಮರದ ಪಾಡು ಮಾತ್ರ ಬೇರೆ. ಟಿಪ್ಪುವು 1792ರಲ್ಲಿ ಇದನ್ನು ರಾಜವೃಕ್ಷವೆಂದು ಸಾರಿದಂದಿನಿಂದ ರೈತನ ಹೊಲದಲ್ಲಿ ಹುಟ್ಟಿದ ಗಂಧವೂ ಸರಕಾರದ ಸೊತ್ತಾಯಿತು. ತನ್ನದಲ್ಲದ ಮರವನ್ನು ಯಾರು ತಾನೆ ಅಕ್ಕರೆಯಿಂದ ಬೆಳೆಸಿಯಾರು? ಕಳ್ಳರು ಕಡಿದರು, ಕಾಡು ಬರಿದಾಯಿತು. ಬೆಳೆದವನಿಗೇ ಒಡೆತನವೆಂಬ ತಿದ್ದುಪಡಿ ಬಂದುದು 2001ರಲ್ಲಿ. ಅಷ್ಟರೊಳಗೆ ನಮ್ಮ ತಳಿಯ ತೋಪುಗಳು ಆಸ್ಟ್ರೇಲಿಯದಲ್ಲಿ ಎದ್ದಿದ್ದವು.

ಗೇಣುದ್ದದ ಕೊರಡು ಕೊಳ್ಳುವ ಎಣಿಕೆಯಿಂದ ಅಂಗಡಿ ಹೊಕ್ಕ ನಾವು, ಬೆಲೆಯನ್ನು ಕೇಳಿ ಬೆರಳುದ್ದಕ್ಕೆ ಇಳಿದೆವು. ಕೆದಂಬಾಡಿಗೆ ಮರಳಿದಾಗ ಅಜ್ಜಿಯವರು ಅದನ್ನು ಸಾಣೆಕಲ್ಲಿನ ಮೇಲೆ ಎರಡು ಸುತ್ತು ತೇದು ಮೂಸಿನೋಡಿ, ಬಟ್ಟೆಯಲ್ಲಿ ಸುತ್ತಿ ಮೇಲಿಟ್ಟರು. ದಿನದ ಪೂಜೆಗೆ ಹಳೆಯ ತುಂಡೇ ಸಾಕೆಂದರು.