ಸಂಗಮದಿಂದ ಮೇಕೆದಾಟಿಗೆ

ಕನಕಪುರವನ್ನು ದಾಟಿ ದಕ್ಷಿಣಕ್ಕಿಳಿಯುವ ಟಾರು ರಸ್ತೆ ಅರ್ಕಾವತಿಯ ದಂಡೆಗೆ ಬಂದು ನಿಂತುಬಿಡುತ್ತದೆ. ಬೆಂಗಳೂರಿನಿಂದ ಸುಮಾರು 100 ಕಿಲೋಮೀಟರು ಸುಖವಾಗಿ ಓಡಿಬಂದ ಕಾರುಗಳಿಗೆ ಅಲ್ಲಿಂದ ಮುಂದೆ ಹಾದಿಯಿಲ್ಲ. ನಂದಿಬೆಟ್ಟದಲ್ಲಿ ಹುಟ್ಟಿದ ಅರ್ಕಾವತಿ ಕೊಡಗಿನ ಕಾವೇರಿಯನ್ನು ಕೂಡಿಕೊಳ್ಳುವ ಈ ಸ್ಥಳವೇ ಸಂಗಮ. ದಂಡೆಯಲ್ಲಿ ಸಂಗಮೇಶ್ವರನ ಗುಡಿ, ಎದುರಿಗೆ ಕಾಡು.

ನೀರು ಕಡಿಮೆಯಿದ್ದಾಗ ಜನ ಬಟ್ಟೆ ಮೇಲೆತ್ತಿಕೊಂಡು ಹೊಳೆ ಹಾಯುತ್ತಾರೆ. ಹೆಚ್ಚಿದ್ದಾಗ ಹರಿಗೋಲೇ ಗತಿ. ಆಚೆ ದಡದಿಂದ ಮೇಕೆದಾಟಿಗೆ ನಾಲ್ಕೈದು ಕಿಲೋಮೀಟರಿನ ಕಾಡುದಾರಿ. ಅದರಲ್ಲಿ ಬಹುಕಾಲದಿಂದ ಓಡಿರುವುವು ಮುಪ್ಪಡರಿದ ಬಸ್ಸುಗಳು. ಗಾಜಿಲ್ಲದ ಕಿಟಕಿ, ಹರಿದ ಆಸನ, ಮೈಯೆಲ್ಲ ಗಡಗಡ. ಚಾಲಕನು ಗೇರು ಬದಲಿಸುವಾಗ ಏಳುವ ಕರ್ಕಶ ಧ್ವನಿಗೆ ಮಕ್ಕಳು ಕಿವಿ ಮುಚ್ಚಿಕೊಳ್ಳುತ್ತಾರೆ.

"ಕಂಬಿ ಬಿಗಿಯಾಗಿ ಹಿಡ್ಕೊಳ್ಳಿ ಅಜ್ಜಿ, ಮುಂದೆ ಬಂಡೆಗಳು ಬರ್ತಾವೆ!"

ಬಂಡೆಯ ಮೇಲೆ ಹತ್ತಿ, ಕೊರಕಲಿಗೆ ಇಳಿದು, ಧೂಳೆಬ್ಬಿಸುತ್ತ ಬಸ್ಸು ನಡಿಗೆಯ ವೇಗದಲ್ಲಿ ಸಾಗುತ್ತದೆ. ಬಲಗಡೆಗೆ, ಹೊಳೆಮತ್ತಿಯ ದಪ್ಪ ಬೊಡ್ಡೆಗಳ ನಡುವೆ, ಕಾವೇರಿ ಜೊತೆಜೊತೆಯಾಗಿಯೇ ಬರುತ್ತದೆ. ಮೇಲೆ ಶ್ರೀರಂಗಪಟ್ಟಣದ ಕೋಟೆಯನ್ನು ಸುತ್ತಿ, 1902ರಲ್ಲಿ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ವಿದ್ಯುತ್ತನ್ನು ಕೊಟ್ಟು, ಕೆಳಗೆ ಚೋಳರ ಕಲ್ಲಣೆಯತ್ತ ಹೊರಟಿರುವ ನದಿಯಿದು. ಇತಿಹಾಸದ ಆ ಗದ್ದಲಗಳ ನಡುವೆ ಇಲ್ಲಿ ಮಾತ್ರ ಅದಕ್ಕೆ ಕಾಡಿನ ಏಕಾಂತ. 1987ರಲ್ಲಿ ಈ ಪ್ರದೇಶ ಕಾವೇರಿ ವನ್ಯಧಾಮವೆನಿಸಿತು. ಆನೆಯ ಹಿಂಡುಗಳು ನೀರಿಗಿಳಿಯುತ್ತವೆ. ದಂಡೆಯ ಮರಗಳಲ್ಲಿ ಬೂದುಬಣ್ಣದ ದೊಡ್ಡ ಅಳಿಲು ಗೂಡು ಕಟ್ಟುತ್ತದೆ. ಮಡುಗಳಲ್ಲಿ ಮಹಸೀರ್ ಮೀನು. ಬೆನ್ನುಬ್ಬಿನ ಮಹಸೀರ್ ಕಾವೇರಿಯ ನೀರಿನಲ್ಲಲ್ಲದೆ ಬೇರೆಲ್ಲೂ ಹುಟ್ಟದ ಜಾತಿ. 2018ರಲ್ಲಿ ಅದು ಅಳಿವಿನ ಅಂಚಿನ ಜೀವಿಗಳ ಪಟ್ಟಿಯನ್ನು ಸೇರಿತು.

ದಾರಿಯ ಕೊನೆಯಲ್ಲಿ ಆ ವಿಶಾಲವಾದ ನದಿ ಕಲ್ಲಿನ ಇಕ್ಕಟ್ಟಿಗೆ ಸಿಕ್ಕಿ ಭೋರ್ಗರೆಯುತ್ತದೆ. ಹುಲಿಗೆ ಹೆದರಿದ ಮೇಕೆಯೊಂದು ಇದನ್ನು ಒಂದೇ ನೆಗೆತಕ್ಕೆ ದಾಟಿತೆಂಬುದು ಜನರ ಕಥೆ. ಸುಳಿಗೆ ಸಿಕ್ಕ ಉರುಟುಗಲ್ಲುಗಳು ಯುಗಯುಗಗಳಿಂದ ತಿರುಗಿ ತಿರುಗಿ ಬಂಡೆಯಲ್ಲಿ ಒರಳಿನಂತಹ ಗುಳಿಗಳನ್ನು ಕೊರೆದಿವೆ. ನೋಡಲು ಅಂದ, ಕಾಲು ಜಾರಿದರೆ ಉಳಿವಿಲ್ಲ. ಪ್ರಾಣ ಕಳೆದುಕೊಂಡವರು ಕಡಿಮೆಯೇನಲ್ಲ.

ಈ ದಾರಿಯನ್ನು ಏಕೆ ಚೆನ್ನಾಗಿ ಮಾಡಿಲ್ಲವೆಂದು ಮೈಕೈ ನೊಂದವರು ಕೇಳುವುದುಂಟು. ಆದರೆ ದಾರಿ ಕೆಟ್ಟದ್ದಾಗಿರುವುದರಿಂದಲೇ ಕಾಡು ಇಷ್ಟಾದರೂ ಉಳಿದಿದೆ. ಈಗ ಅದಕ್ಕೆ ಎದುರಾಗಿರುವುದು ಬೇರೆಯ ಪ್ರಶ್ನೆ. ಮೇಕೆದಾಟಿನಲ್ಲಿ 67 ಟಿಎಂಸಿ ನೀರು ನಿಲ್ಲುವ ಅಣೆಕಟ್ಟಿನ ಯೋಜನಾ ವರದಿ 2019ರಲ್ಲಿ ಕೇಂದ್ರ ಜಲ ಆಯೋಗದ ಮುಂದೆ ಬಂದಿತು. ಕಟ್ಟಿದರೆ ಸುಮಾರು 5,000 ಹೆಕ್ಟೇರು ಕಾಡು ಮುಳುಗುತ್ತದೆ. ತಮಿಳುನಾಡಿನ ವಿರೋಧ ಒಂದು ಕಡೆ. ಬೆಂಗಳೂರಿನ ಬಾಯಾರಿಕೆ ಇನ್ನೊಂದು ಕಡೆ. ಆ ಬಾಯಾರಿಕೆ ಸುಳ್ಳಲ್ಲ. ಕೊಡ ಹಿಡಿದು ನಲ್ಲಿಯ ಮುಂದೆ ಕಾದ ಮನೆಗಳಿಗೆ ಅದನ್ನು ವಿವರಿಸಬೇಕಾಗಿಲ್ಲ.

ಆದರೂ ಹಿಂತಿರುಗುವಾಗ ಮತ್ತೆ ಅದೇ ಅರ್ಕಾವತಿಯನ್ನು ಹಾಯಬೇಕು. ಹೆಸರಘಟ್ಟದಲ್ಲಿ, ಆಮೇಲೆ 1933ರಲ್ಲಿ ತಿಪ್ಪಗೊಂಡನಹಳ್ಳಿಯಲ್ಲಿ ತಡೆದು ನಿಲ್ಲಿಸಿದ ಇದರ ನೀರನ್ನೇ ಬೆಂಗಳೂರು ಕುಡಿದು ಬೆಳೆಯಿತು. 1974ರಲ್ಲಿ ಕಾವೇರಿಯ ನೀರು ನಗರಕ್ಕೆ ಬಂದಿತು. ಹಳೆಯ ನದಿ ಮರೆತುಹೋಯಿತು. ಇಂದು ವೃಷಭಾವತಿಯ ಮೂಲಕ ನಗರದ ಕೊಳೆ ಇದಕ್ಕೇ ಬಂದು ಸೇರುತ್ತದೆ. ಹೊಳೆ ಹಾಯುವವರ ಕಾಲನ್ನು ತೊಳೆಯುವುದು ಅವರವರ ಮನೆಯ ಬಚ್ಚಲಿನಿಂದ ಹೊರಟ ನೀರೇ ಆಗಿರಬಹುದು. ಕೈಯಲ್ಲಿದ್ದ ಒಂದು ನದಿಯನ್ನು ಕಾಪಾಡಿಕೊಳ್ಳಲಾರದವರು ಇನ್ನೊಂದರ ಕಾಡನ್ನು ಕೇಳುವ ಮೊದಲು ಈ ದಡದಲ್ಲಿ ಒಂದು ಗಳಿಗೆ ನಿಲ್ಲುವುದು ಒಳ್ಳೆಯದು.