ಕಲ್ಲು ಬಣ್ಣ ಬದಲಿಸುವ ಕಾಲ

ಆಶ್ವೀಜ ಬಂತೆಂದರೆ ಕಾಶ್ಮೀರದ ಚಿನಾರ್ ಮರಗಳ ಕೆಂಪು, ಅಮೆರಿಕದ ಮೇಪಲ್ ಮರಗಳ ಕಿತ್ತಳೆ ಎಲ್ಲರ ಮೊಬೈಲುಗಳಲ್ಲೂ ಹರಿದಾಡತೊಡಗುತ್ತವೆ. ಮಾಗಡಿ, ರಾಮನಗರದ ಕಡೆ ಆ ಹೊತ್ತಿಗೆ ಎಲೆಗಳಿಗೆ ಕೆಂಪಾಗುವ ಯೋಚನೆಯೇ ಇರುವುದಿಲ್ಲ. ಮುಂಗಾರು ಬಳಿದ ಹಸಿರಿನ ಮೇಲೆ ಹಿಂಗಾರು ಇನ್ನೊಂದು ಕೈ ಬಳಿಯುತ್ತಿರುತ್ತದೆ. ಎಲೆ ಉದುರುವುದೇನಿದ್ದರೂ ಸಂಕ್ರಾಂತಿಯ ಆಚೀಚೆ. ಹಾಗಾದರೆ ಶರದೃತುವಿನ ಬಣ್ಣ ಹುಡುಕಿ ಕ್ಯಾಮೆರಾ ಹೊತ್ತವರು ಇಲ್ಲಿ ಎಲ್ಲಿಗೆ ಹೋಗಬೇಕು? ಬಂಡೆಯ ಹತ್ತಿರ. ಈ ಸೀಮೆಯಲ್ಲಿ ಬಣ್ಣ ಬದಲಿಸುವುದು ಕಲ್ಲು.

ಹಸ್ತ ಮಳೆ ಮುಗಿದು ಚಿತ್ತೆ ಹಿಡಿಯುವ ಸಂದಿನಲ್ಲಿ ಒಂದು ಬೆಳಗಿನ ಜಾವ ಮಾಗಡಿ ರಸ್ತೆ ಬಿಟ್ಟು ಸಾವನದುರ್ಗದ ಕಡೆ ತಿರುಗಿದೆ. ವೀರಭದ್ರಸ್ವಾಮಿ ಗುಡಿಯ ಹತ್ತಿರ ನಿಂತರೆ ಎದುರಿಗೆ ಬೆಟ್ಟವಿದೆ ಎಂಬುದು ಕಣ್ಣಿಗಲ್ಲ, ಮೈಗೆ ಗೊತ್ತಾಗುತ್ತದೆ. ಆಕಾಶದ ಅರ್ಧ ನಕ್ಷತ್ರಗಳು ಅಲ್ಲಿ ಇರುವುದಿಲ್ಲ. ಸಮುದ್ರಮಟ್ಟದಿಂದ 1,226 ಮೀಟರ್ ಎತ್ತರದ ಈ ದುರ್ಗಕ್ಕೆ ಏಷ್ಯಾದ ಅತಿ ದೊಡ್ಡ ಏಕಶಿಲಾ ಬೆಟ್ಟಗಳಲ್ಲಿ ಒಂದೆಂಬ ಹೆಸರಿದೆ. ಮೊದಲು ಬೂದು ನೀಲಿ ಬಂತು. ಪೂರ್ವದಲ್ಲಿ ಕೆಂಪೇರುತ್ತಿದ್ದಂತೆ ನೆತ್ತಿಯಿಂದ ಒಂದು ಎಳೆಗುಲಾಬಿ ಇಳಿಯತೊಡಗಿತು. ಸೂರ್ಯ ಪೂರ್ತಿ ಮೇಲೆ ಬರುವ ಹೊತ್ತಿಗೆ ಇಡೀ ಬಂಡೆ ಒಳಗಿನಿಂದ ಬೆಳಗುತ್ತಿದೆಯೋ ಎನ್ನುವ ಹಾಗೆ ಕಂಡಿತು. ಬೇಸಿಗೆಯಲ್ಲಿ ಇದೇ ಜಾಗದಲ್ಲಿ ನಿಂತು ನೋಡಿದ್ದೇನೆ. ಆಗ ಧೂಳಿನ ತೆರೆಯ ಹಿಂದೆ ಬೆಟ್ಟ ಬರೀ ಬೂದಿ.

ಬಂಡೆಗೆ ಈ ಕೆಂಪು ಬಂದದ್ದು ಅದರೊಳಗಿನ ಪೊಟ್ಯಾಸಿಯಂ ಫೆಲ್ಡ್‌ಸ್ಪಾರ್ ಹರಳುಗಳಿಂದ. ಕೆಲವು ಕಡೆ ಹೆಬ್ಬೆರಳ ಗಾತ್ರದ ಹರಳುಗಳು ಬರಿಗಣ್ಣಿಗೇ ಕಾಣುತ್ತವೆ. ರಾಮನಗರಕ್ಕೆ ಬ್ರಿಟಿಷರ ಕಾಲದಲ್ಲಿ ಕ್ಲೋಸ್‌ಪೇಟೆ ಎಂಬ ಹೆಸರಿತ್ತಲ್ಲ, ಆ ಹೆಸರನ್ನು ಊರು ಬಿಟ್ಟರೂ ಕಲ್ಲು ಬಿಟ್ಟಿಲ್ಲ. ಜಗತ್ತಿನ ಭೂವಿಜ್ಞಾನದ ಪುಸ್ತಕಗಳಲ್ಲಿ ಇದು ಇವತ್ತಿಗೂ ಕ್ಲೋಸ್‌ಪೇಟ್ ಗ್ರಾನೈಟ್. ವಯಸ್ಸು ಸುಮಾರು 250 ಕೋಟಿ ವರ್ಷ. ಕರ್ನಾಟಕದ ಮೈಯಲ್ಲಿ ದಕ್ಷಿಣೋತ್ತರವಾಗಿ ನೂರಾರು ಕಿಲೋಮೀಟರ್ ಚಾಚಿಕೊಂಡಿರುವ ಪಟ್ಟಿ ಇದು. ಮಳೆ ಗಾಳಿಯ ಧೂಳನ್ನು ಕೆಳಗಿಳಿಸಿರುತ್ತದೆ, ಬಂಡೆಯನ್ನು ತೊಳೆದಿರುತ್ತದೆ. ತಗ್ಗಿನಿಂದ ಬರುವ ಬೆಳಗಿನ ಬಿಸಿಲು ನೇರವಾಗಿ ಹರಳಿಗೆ ಬೀಳುತ್ತದೆ. ಗುಲಾಬಿಯ ಗುಟ್ಟು ಇಷ್ಟೇ. ಗೊತ್ತಾದ ಮೇಲೂ ಬೆರಗು ಕಡಿಮೆಯಾಗಲಿಲ್ಲ.

ದುರ್ಗಕ್ಕೆ ಎರಡು ನೆತ್ತಿ: ಬಿಳಿಗುಡ್ಡ, ಕರಿಗುಡ್ಡ. ಮೇಲಿನಿಂದ ಕೆಳಗಿನವರೆಗೆ ನೀರು ಇಳಿದ ಜಾಡುಗಳಲ್ಲೆಲ್ಲ ಉದ್ದುದ್ದ ಕಪ್ಪು ಪಟ್ಟೆಗಳು. ಕಲ್ಲಿನ ಮೇಲೆ ಬದುಕುವ ಸೂಕ್ಷ್ಮಜೀವಿಗಳು, ಕಲ್ಲುಹೂಗಳು ನೀರಿನ ದಾರಿ ಹಿಡಿದು ಬರೆದ ಗೆರೆಗಳಿವು. ಆ ಪಟ್ಟೆಗಳ ಮೇಲೆ ಹಿಂದಿನ ರಾತ್ರಿಯ ಮಳೆ ಇನ್ನೂ ಜಿನುಗುತ್ತಿತ್ತು. ಲೆನ್ಸಿಗೆ ಪೋಲರೈಸರ್ ಹಾಕಿ ಮೆಲ್ಲಗೆ ತಿರುಗಿಸಿದರೆ ನೀರಿನ ಹೊಳಪು ಅಳಿಸಿ ಹೋಗಿ ಅಡಿಯ ಬಣ್ಣ ಎದ್ದು ಬರುತ್ತದೆ. ಇನ್ನಷ್ಟು ತಿರುಗಿಸಿದರೆ ಬಣ್ಣ ಅಡಗಿ ಇಡೀ ಬೆಟ್ಟ ಬೆಳ್ಳಿ. ಎರಡರಲ್ಲಿ ಯಾವುದು ನಿಜವಾದ ಸಾವನದುರ್ಗ? ಉತ್ತರ ಹೊಳೆಯದೆ ಎರಡನ್ನೂ ತೆಗೆದುಕೊಂಡೆ.

ಅಲ್ಲಿಂದ ಮಂಚನಬೆಲೆ ಕಡೆ ಹೊರಟಾಗ ದಾರಿಯುದ್ದಕ್ಕೂ ರಾಗಿ. ತೆನೆ ಬಿಟ್ಟು ಹಾಲು ತುಂಬುವ ಹೊತ್ತು. ಹೊಲದ ನಡುನಡುವೆ ಅಕ್ಕಡಿ ಸಾಲು: ಅವರೆ, ತೊಗರಿ, ಹುಚ್ಚೆಳ್ಳು. ಹುಚ್ಚೆಳ್ಳಿನ ಹಳದಿಗೆ ಹಿನ್ನೆಲೆಯಾಗಿ ದುರ್ಗದ ಬೂದು ಗೋಡೆ ಬರುವಂತೆ ಬದುವಿನ ಮೇಲೆ ಕೂತು ಕೋನ ಹುಡುಕುತ್ತಿದ್ದೆ. ಕಳೆ ಕೀಳುತ್ತಿದ್ದ ಅಜ್ಜಿಯೊಬ್ಬರು ಸೊಂಟದ ಮೇಲೆ ಕೈಯಿಟ್ಟು ನಿಂತರು.

"ಏನ್ ಸಾಮಿ, ಜಮೀನು ಗಿಮೀನು ನೋಡಕ್ ಬಂದ್ರಾ?"

"ಇಲ್ಲ ಅಜ್ಜಿ, ಹೂವಿನ ಫೋಟೋ ತೆಗೆಯೋಕೆ."

"ಹುಚ್ಚೆಳ್ ಹೂವಿಂದಾ? ಅದು ಜೇನುಳಕ್ಕೆ ಬಿಟ್ಟಿರೋದು ಕಣಪ್ಪ." ಒಂದು ಗಳಿಗೆ ಬಿಟ್ಟು, "ತಗಳಾದಾದ್ರೆ ಬಿರ್ರನೆ ತಗಳಿ. ಬಿಸ್ಲು ನೆತ್ತಿಗೇರಿದ್ರೆ ಎಲ್ಲಾ ಮಂಕಾಯ್ತದೆ."

ಫೋಟೋಗ್ರಫಿಯ ಪುಸ್ತಕಗಳು ಒಂದು ಅಧ್ಯಾಯ ಹಿಡಿಸುವ ಮಾತನ್ನು ಅಜ್ಜಿ ಕಳೆ ಕೀಳುತ್ತಲೇ ಮುಗಿಸಿದ್ದರು. ಜೇನಿನ ಮಾತೂ ನಿಜ. ಹುಚ್ಚೆಳ್ಳಿಗೆ ಕಾಳು ಕಟ್ಟಬೇಕಾದರೆ ಜೇನು ಬಂದು ಒಂದು ಗಿಡದ ಪರಾಗವನ್ನು ಇನ್ನೊಂದಕ್ಕೆ ಮುಟ್ಟಿಸಬೇಕು. ಆ ಬೆಳಗಿನ ನನ್ನ ಚಿತ್ರಗಳಲ್ಲಿ ಜೇನಿಲ್ಲದ ಹೂವೇ ಸಿಗುವುದಿಲ್ಲ.

ರಾಮದೇವರ ಬೆಟ್ಟದಲ್ಲಿ ಮಾತ್ರ ಬಿಸಿಲೇರುವುದಕ್ಕೇ ಕಾಯಬೇಕು. ಅಲ್ಲಿನ ಕಡಿದಾದ ಬಂಡೆಗಳಲ್ಲಿ ಉದ್ದಕೊಕ್ಕಿನ ರಣಹದ್ದುಗಳ ನೆಲೆಯಿದೆ. 2012ರಲ್ಲಿ ಬೆಟ್ಟವನ್ನು ರಣಹದ್ದುಗಳ ಅಭಯಧಾಮವೆಂದು ಘೋಷಿಸಲಾಯಿತು. ಕಲ್ಲು ಕಾಯಬೇಕು, ಕಾದ ಕಲ್ಲಿನಿಂದ ಗಾಳಿ ಬಿಸಿಯಾಗಿ ಮೇಲೇಳಬೇಕು. ಆಗಲೇ ಹದ್ದು ರೆಕ್ಕೆ ಬಿಚ್ಚುವುದು. ಹದ್ದು ಎಲ್ಲಿ ಕೂರುತ್ತದೆಂದು ಹೇಳುವುದೂ ಕಲ್ಲೇ: ಹಿಕ್ಕೆ ಬಿದ್ದು ಸುಣ್ಣ ಬಳಿದ ಹಾಗೆ ಬೆಳ್ಳಗಾದ ಅಂಚುಗಳು ದೂರದಿಂದಲೇ ಕಾಣುತ್ತವೆ. ಕಾಯುತ್ತ ಕೂತಾಗ ಪೊದೆಯೊಂದರಲ್ಲಿ ಗೌರಿ ಹೂ ಕಣ್ಣಿಗೆ ಬಿತ್ತು. ಹಳದಿಯಲ್ಲಿ ಅರಳಿ ದಿನ ಕಳೆದಂತೆ ಕೆಂಪಾಗುವ ಹೂ. ಹಳದಿ ಕೊರಳಿನ ಪಿಕಳಾರ ಎಲ್ಲಿಂದಲೋ ಕೂಗಿ ಮುಖ ತೋರಿಸದೆ ಹೋಯಿತು. ದಕ್ಷಿಣ ಭಾರತದ ಇಂಥ ಕಲ್ಲುಗುಡ್ಡಗಳನ್ನು ಬಿಟ್ಟರೆ ಅದು ಜಗತ್ತಿನಲ್ಲಿ ಬೇರೆಲ್ಲೂ ಇಲ್ಲ.

ಕೊನೆಗೆ ಒಂದು ಹದ್ದು ಎದ್ದಿತು. ರೆಕ್ಕೆ ಬಡಿಯಲೇ ಇಲ್ಲ. ಬಂಡೆಯ ಅಂಚು ಬಿಟ್ಟು ಗಾಳಿಗೆ ಒರಗಿತು, ಅಷ್ಟೇ. ಸುತ್ತುಸುತ್ತಿ ಮೇಲೇರುವಾಗ ಅದರ ನೆರಳು ಗುಲಾಬಿ ಕಲ್ಲಿನ ಮೇಲೆ ಜಾರಿಕೊಂಡು ಹೋಯಿತು. ನಾನು ತೆಗೆದದ್ದು ಆ ನೆರಳನ್ನು. ದನಗಳಿಗೆ ಕೊಡುತ್ತಿದ್ದ ಡೈಕ್ಲೋಫೆನಾಕ್ ಎಂಬ ನೋವಿನ ಮದ್ದು ಸತ್ತ ದನದ ಮಾಂಸದ ಮೂಲಕ ದೇಶದ ರಣಹದ್ದುಗಳನ್ನು ಹೆಚ್ಚೂಕಮ್ಮಿ ಮುಗಿಸಿಬಿಟ್ಟಿತ್ತು. 2006ರಲ್ಲಿ ಪಶುವೈದ್ಯದಲ್ಲಿ ಅದಕ್ಕೆ ನಿಷೇಧ ಬಂತು. ಜೋಡಿಯೊಂದು ವರ್ಷಕ್ಕೆ ಇಡುವುದು ಒಂದೇ ಮೊಟ್ಟೆ. ಅದಕ್ಕೇ ಇಲ್ಲಿ ಉದ್ದ ಲೆನ್ಸು, ದೂರದ ಜಾಗ; ಗೂಡಿನ ಹತ್ತಿರ ಹೋಗುವ ಮಾತೇ ಇಲ್ಲ.

ಇದೇ ಬೆಟ್ಟದ ಬುಡದಲ್ಲಿ 1973ರ ಅಕ್ಟೋಬರ್ 3ರಂದು 'ಶೋಲೆ'ಯ ಮೊದಲ ಚಿತ್ರೀಕರಣ ನಡೆಯಿತು. ಗಬ್ಬರ್ ಸಿಂಗ್ ಎಲ್ಲರಿಗೂ ನೆನಪಿದ್ದಾನೆ. ನನಗೆ ನೆನಪಾದದ್ದು ಛಾಯಾಗ್ರಾಹಕ ದ್ವಾರಕಾ ದಿವೇಚಾ. ಜಯಾ ಭಾದುರಿ ದೀಪ ಹಚ್ಚುವ ಎರಡು ಪುಟ್ಟ ದೃಶ್ಯಗಳಿಗೆ 20 ದಿನ ಹಿಡಿಯಿತು. ಹೊತ್ತು ಮುಳುಗಿ ಕತ್ತಲಾಗುವ ನಡುವಿನ ಆ ಬೆಳಕು ದಿನಕ್ಕೆ ಕೆಲವೇ ನಿಮಿಷ ಸಿಗುತ್ತಿತ್ತು. ಸಂಜೆ ಬುಡದಲ್ಲಿ ನಿಂತು ಆ ಬೆಳಕನ್ನು ಕಂಡೆ. ಗುಲಾಬಿ ಹೋಗಿ ನೇರಳೆ, ನೇರಳೆ ಹೋಗಿ ಮಸಿ. ಟ್ರೈಪಾಡ್ ಸರಿಪಡಿಸಿಕೊಳ್ಳುವಷ್ಟರಲ್ಲಿ ಮುಗಿದುಹೋಯಿತು. 20 ದಿನ ಹೆಚ್ಚಲ್ಲ ಅನಿಸಿತು. ಡೇವಿಡ್ ಲೀನ್ ಕೂಡ 1984ರ 'ಎ ಪ್ಯಾಸೇಜ್ ಟು ಇಂಡಿಯಾ'ದ ಮರಬಾರ್ ಗುಹೆಗಳಿಗೆ ಬಿಹಾರ ಬಿಟ್ಟು ಸಾವನದುರ್ಗ, ರಾಮದೇವರ ಬೆಟ್ಟಗಳಿಗೇ ಬಂದಿದ್ದ.

ಚನ್ನಪಟ್ಟಣದ ಕಡೆ ಬಂದರೆ ಬೆಟ್ಟಗಳು ಹಿಂದೆ ಸರಿದು ತೆಂಗು, ಮಾವು, ಹಿಪ್ಪುನೇರಳೆ ಮುಂದೆ ಬರುತ್ತವೆ. ಮನೆಗಳ ಮುಂದೆ ಬಿಸಿಲಿಗೆ ಒರಗಿಸಿದ ಚಂದ್ರಿಕೆಗಳಲ್ಲಿ ರೇಷ್ಮೆಗೂಡಿನ ಹಳದಿ, ಅಂಗಡಿಗಳಲ್ಲಿ ಹಾಲೆ ಮರದ ಬೊಂಬೆಗಳ ಮೇಲೆ ಅರಗಿನ ಕೆಂಪು. ಕಣ್ವ ಜಲಾಶಯದ ದಂಡೆಯಲ್ಲಿ ಏರೋಪ್ಲೇನ್ ಚಿಟ್ಟೆಗಳು ಮಂದೆ ಮಂದೆಯಾಗಿ ತೇಲುತ್ತಿದ್ದವು. ಅವುಗಳಲ್ಲಿ ಹೊಂಬಣ್ಣದ ಒಂದು ಜಾತಿ ಈ ಋತುವಿನಲ್ಲಿ ಹಿಂಗಾರಿನ ಗಾಳಿ ಹಿಡಿದು ಮಾಲ್ಡೀವ್ಸ್ ಮೇಲಿಂದ ಹಿಂದೂ ಮಹಾಸಾಗರ ದಾಟಿ ಆಫ್ರಿಕಾ ತಲುಪುತ್ತದೆ. ಬೆರಳುದ್ದದ ಹುಳ, ಗಾಜಿನಂಥ ರೆಕ್ಕೆ, ಎದುರಿಗೆ ಸಮುದ್ರ! ಒಂದೇ ಒಂದು ಚಿತ್ರ ಸ್ಪಷ್ಟವಾಗಿ ಬಂತು. ಅದು ಹೊರಡುವುದೋ ಇಲ್ಲೇ ಉಳಿಯುವುದೋ, ಚಿತ್ರ ಹೇಳುವುದಿಲ್ಲ.

ಕನಕಪುರ ದಾಟಿ ಸಂಗಮಕ್ಕೆ ಬಂದಾಗ ನಂದಿಬೆಟ್ಟದಲ್ಲಿ ಹುಟ್ಟಿ ಮಂಚನಬೆಲೆ, ರಾಮನಗರ ಹಾದು ಬಂದ ಅರ್ಕಾವತಿ ಕಾವೇರಿಗೆ ಸೇರುತ್ತಿತ್ತು. ಮೇಕೆದಾಟಿನಲ್ಲಿ ಅಷ್ಟು ಅಗಲದ ಕಾವೇರಿ ಕಲ್ಲಿನ ಸಂದಿಗೆ ನುಗ್ಗುತ್ತದೆ. ಷಟರ್ ವೇಗ ಹೆಚ್ಚಿಸಿದರೆ ಹನಿ ಹನಿಯೂ ಬಿಡಿಬಿಡಿಯಾಗಿ ನಿಲ್ಲುತ್ತದೆ. ಎರಡು ಸೆಕೆಂಡ್ ತೆರೆದಿಟ್ಟರೆ ಹೊಳೆ ಹೊಗೆಯಾಗುತ್ತದೆ. ಎರಡೂ ಚಿತ್ರಗಳಲ್ಲಿ ಅಲುಗದೆ ಉಳಿದದ್ದು ದಂಡೆಯ ಬಂಡೆ. ಆದರೆ ಅದರ ಮೈತುಂಬ ಕೊರೆದಿಟ್ಟಂಥ ಗುಂಡು ಗುಳಿಗಳು. ಸುಳಿಗೆ ಸಿಕ್ಕ ಬೆಣಚುಗಲ್ಲುಗಳು ತಿರುಗಿ ತಿರುಗಿ ಬಂಡೆಯನ್ನು ಕಡೆದ ಗುರುತು ಅದು. ಬಂಡೆಯೂ ಅಲುಗಿದೆ, ನನ್ನ ಷಟರಿಗೆ ಅಷ್ಟು ಹೊತ್ತು ತೆರೆದಿರಲು ಬರುವುದಿಲ್ಲ.

ಹಿಂತಿರುಗುವಾಗ ಸಾತನೂರಿನಿಂದ ಕಬ್ಬಾಳಿಗೆ ಹೋದೆ. ಕಬ್ಬಾಳಮ್ಮನ ಭಕ್ತರಿಗೆ ಊರು ಗೊತ್ತು. ಪರದೇಶದ ಭೂವಿಜ್ಞಾನಿಗಳಿಗೂ ಗೊತ್ತು. ಇಲ್ಲಿ ಕ್ವಾರಿಯಲ್ಲಿ ಕೊಯ್ದ ಕಲ್ಲು ನೈಸ್ ಎಂಬ ಬೂದು ಬಣ್ಣದ ಶಿಲೆ. ಅದರ ಮೇಲೆ ಅಲ್ಲಲ್ಲಿ ಕಪ್ಪುಹಸಿರು ಪಟ್ಟೆ, ಕಲೆ. ಆ ಕಪ್ಪುಹಸಿರು ಚಾರ್ನೊಕೈಟ್ ಎಂಬ ಬೇರೆಯೇ ಶಿಲೆ. ನೆಲದಾಳದಲ್ಲಿ ಇಂಗಾಲದ ಡೈಆಕ್ಸೈಡ್ ತುಂಬಿದ ಬಿಸಿ ದ್ರವ ಬಿರುಕು ಹಿಡಿದು ನುಗ್ಗಿ, ಖನಿಜಗಳಲ್ಲಿದ್ದ ನೀರನ್ನು ಹೊರದೂಡಿ, ಒಂದು ಕಲ್ಲನ್ನು ಇನ್ನೊಂದನ್ನಾಗಿ ಮಾಡುತ್ತಿತ್ತು. ಕೆಲಸ ಪೂರ್ತಿಯಾಗುವ ಮುಂಚೆ ನಿಂತುಹೋಯಿತು. ಬದಲಾದದ್ದು, ಬದಲಾಗದೆ ಉಳಿದದ್ದು ಒಂದು ಮೊಳದ ಅಂತರದಲ್ಲಿ ಅಕ್ಕಪಕ್ಕ ಇವೆ. ಇದನ್ನು ಗುರುತಿಸಿ 1960ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಬರೆದವರು ಸಿ.ಎಸ್. ಪಿಚ್ಚಮುತ್ತು.

ಮಂಡಿಯೂರಿ ಹತ್ತಿರದಿಂದ ಚಿತ್ರ ತೆಗೆದೆ. ಬೂದು ಮುಗಿದು ಹಸಿರು ಶುರುವಾಗುವ ಗೆರೆ ಎಲ್ಲೂ ಸಿಗಲಿಲ್ಲ. ಒಂದರೊಳಗೆ ಒಂದು ಕರಗಿತ್ತು. ಶರದೃತುವಿನಲ್ಲಿ ಬಣ್ಣ ಬದಲಿಸುವುದನ್ನು ಹುಡುಕಿ ಹೊರಟವನಿಗೆ ಸಿಕ್ಕಿದ್ದು ಸುಮಾರು 250 ಕೋಟಿ ವರ್ಷಗಳ ಹಿಂದೆ ಬಣ್ಣ ಬದಲಿಸುತ್ತಿರುವಾಗಲೇ ನಿಂತ ಕಲ್ಲು. ಪಿಚ್ಚಮುತ್ತು ಕಂಡದ್ದು ನಿಂತ ಬಂಡೆಯಲ್ಲಿನ ಚಲನೆಯನ್ನು. ಫೋಟೋ ತೆಗೆಯುವವರ ಕೆಲಸವೂ ಅದೇ ಇರಬೇಕು. ಸುಗ್ಗಿ ಮುಗಿದು ಹೊಲ ಬರಿದಾದ ಮೇಲೆ ಇದೇ ದಾರಿಯಲ್ಲಿ ಇನ್ನೊಮ್ಮೆ ಬರುವವನಿದ್ದೇನೆ. ಬೂದಿ ಬೆಟ್ಟವೆಂದು ಬೇಸಿಗೆಯಲ್ಲಿ ನಾನು ದಾಟಿ ಹೋದದ್ದರೊಳಗೆ ಎಷ್ಟು ಬಣ್ಣಗಳಿವೆ, ನೋಡಬೇಕು.