ಊಟಿ ಕೆರೆ ಮೇಲೆ ಸಿಕ್ಕಿದ ತಲಮಲೆ ಕತೆ

ನಮ್ಮ ತಾಳವಾಡಿಯಿಂದ ಊಟಿಗೆ ಹೋಗೋ ದಾರಿಯೇ ಒಂದು ಒಗಟು. ತಮಿಳುನಾಡಲ್ಲಿ ಗಾಡಿ ಹತ್ತಿ, ಕರ್ನಾಟಕ ಹಾದು, ಮತ್ತೆ ತಮಿಳುನಾಡಲ್ಲೇ ಇಳೀಬೇಕು. ಚಾಮರಾಜನಗರ, ಗುಂಡ್ಲುಪೇಟೆ, ಬಂಡೀಪುರ, ಮುದುಮಲೆ, ಗೂಡಲೂರು. ಬಂಡೀಪುರದ ಕಾಡಿನ ರಸ್ತೆ ರಾತ್ರಿ 9ಕ್ಕೆ ಮುಚ್ಚಿದರೆ ಬೆಳಿಗ್ಗೆ 6ಕ್ಕೇ ತೆಗೆಯೋದು. ಅದಕ್ಕೆ ಲೆಕ್ಕ ಹಾಕಿ ಕೋಳಿ ಕೂಗೋ ಹೊತ್ತಿಗೆ ಹೊರಟೆವು. ಒಂದು ವ್ಯಾನು, ಹನ್ನೆರಡು ಜನ. ನಾನು, ನನ್ನ ಹೆಂಡ್ತಿ, ಎಂಟನೇ ಕ್ಲಾಸಿನ ಮೊಮ್ಮಗಳು, ಉಳಿದೋರು ನಮ್ಮ ಬೀದಿಯೋರೇ. ಈಗ ಊಟಿಗೆ ಹೊರಗಿನ ಗಾಡಿ ಹೋಗಬೇಕಾದ್ರೆ ಇ-ಪಾಸ್ ಬೇಕು. ಅದನ್ನ ನಮ್ಮೂರ ಮೇಷ್ಟ್ರು ಮೊಬೈಲಲ್ಲೇ ಮಾಡಿಕೊಟ್ಟಿದ್ರು. ಚೆಕ್‌ಪೋಸ್ಟಲ್ಲಿ ಪ್ಲಾಸ್ಟಿಕ್ ನೀರಿನ ಬಾಟ್ಲಿಯನ್ನೆಲ್ಲ ಇಳಿಸಿಕೊಂಡ್ರು. ಆಮೇಲೆ ಸಾಯಂಕಾಲದವರೆಗೂ ಹನ್ನೆರಡು ಜನಕ್ಕೂ ನನ್ನ ಹೆಂಡ್ತಿಯ ಸ್ಟೀಲ್ ಚೊಂಬೇ ಗತಿ.

ಮೊದಲು ದೊಡ್ಡಬೆಟ್ಟಕ್ಕೆ ಹೋದೆವು. 2,637 ಮೀಟರ್ ಎತ್ತರ. ಮೇಲೆ ಹೋದರೆ ಬರೀ ಮಂಜು, ಪಕ್ಕದಲ್ಲಿ ನಿಂತೋರ ಮೊಖವೇ ಕಾಣ್ದು. ದುರ್ಬೀನಿನಲ್ಲಿ ನೋಡಿದ್ರೂ ಬೆಳ್ಳಗಿನ ಹತ್ತಿ. ಆದ್ರೆ ಅಲ್ಲಿನ ಬೋರ್ಡನ್ನ ಮೊಮ್ಮಗಳು ತಮಿಳಲ್ಲಿ ಓದಿ, "ತಾತ, ಇದು ನಮ್ಮ ಮಾತಲ್ವಾ? ದೊಡ್ಡ, ಬೆಟ್ಟ" ಅಂದಳು. ನಾನು ಎಷ್ಟು ಸಲ ಆ ಹೆಸರು ಕೇಳಿದ್ದೀನೋ, ಹಾಗೆ ಬಿಡಿಸಿ ನೋಡಿರಲಿಲ್ಲ.

ಅಲ್ಲಿಂದ ಸಸ್ಯೋದ್ಯಾನ. 1848ರಲ್ಲಿ ಮಾಡಿದ್ದಂತೆ. ಕಲ್ಲಾಗಿ ಹೋದ ಒಂದು ಮರದ ಬೊಡ್ಡೆ ಅಲ್ಲಿದೆ, 2 ಕೋಟಿ ವರ್ಷದ್ದು ಅಂತಾರೆ. ಹೂವು ಚೆಂದ, ಹುಲ್ಲು ಚೆಂದ, ಕಾಲು ಮಾತ್ರ ನೋವು. ನನಗೆ ಅದಕ್ಕಿಂತ ದಾರಿಯುದ್ದಕ್ಕೂ ಗುಡ್ಡದ ಮೇಲೆ ಮೆಟ್ಟಿಲು ಮೆಟ್ಟಿಲಾಗಿ ಕಡಿದ ಕ್ಯಾರೆಟ್ ಹೊಲಗಳೇ ಹೆಚ್ಚು ಹಿಡಿಸಿದವು. ಅಂಥ ಇಳಿಜಾರಲ್ಲಿ ಮಣ್ಣು ಜಾರದಂತೆ ಹಿಡಿದಿರೋರು ಸಾಮಾನ್ಯರಲ್ಲ.

ಮಧ್ಯಾಹ್ನ ಬುತ್ತಿ ಬಿಚ್ಚಿ ಚಿತ್ರಾನ್ನ ತಿಂದು ಕೆರೆಗೆ ಬಂದೆವು. ಇದು ದೇವರು ಮಾಡಿದ ಕೆರೆಯಲ್ಲ. ಕೊಯಮತ್ತೂರಿನ ಕಲೆಕ್ಟರ್ ಆಗಿದ್ದ ಜಾನ್ ಸಲಿವನ್ ಎಂಬ ಇಂಗ್ಲಿಷಿನವನು 1824ರಲ್ಲಿ ಬೆಟ್ಟದ ಹಳ್ಳಗಳಿಗೆ ಅಡ್ಡ ಕಟ್ಟೆ ಹಾಕಿಸಿ ಮಾಡಿದ್ದು. ಆಗ ಇನ್ನೂ ದೊಡ್ಡದಿತ್ತಂತೆ. ಈಗಿನ ಬಸ್ ಸ್ಟ್ಯಾಂಡು, ಕುದುರೆ ಓಡಿಸೋ ಬಯಲು ಎಲ್ಲಾ ಕೆರೆ ಅಂಗಳವೇ. ಕೆರೆ ನುಂಗೋದರಲ್ಲಿ ಊಟಿಯೋರೂ ನಮ್ಮೋರೂ ಒಂದೇ.

ಹುಡುಗರು ಪೆಡಲ್ ದೋಣಿ ಹಿಡಿದರು. ನಾವು ಮೂವರು ಹುಟ್ಟು ಹಾಕೋ ದೋಣಿಗೆ ಹತ್ತಿದೆವು. ದೋಣಿಯಣ್ಣನಿಗೆ ಐವತ್ತು ದಾಟಿರಬಹುದು. ನಡು ಕೆರೆಗೆ ಹೋಗೋ ಹೊತ್ತಿಗೆ ಬೆಟ್ಟದ ಮೇಲಿದ್ದ ಮಂಜು ಹಾಗೇ ಕೆಳಕ್ಕೆ ಇಳೀತು. ದಡ ಕಾಣ್ದು, ಬೇರೆ ದೋಣಿ ಕಾಣ್ದು, ಗಾಳಿಗೆ ದೋಣಿ ಒಂದು ಕಡೆ ವಾಲಿಕೊಂಡು ಸುತ್ತುತ್ತಾ ನಿಂತಿತು. ನನ್ನ ಹೆಂಡ್ತಿ ಮಾದಪ್ಪನ ಹೆಸರು ಹೇಳ್ಕಂಡು ನನ್ನ ತೋಳು ಹಿಡಿದವಳು ಬಿಡಲೇ ಇಲ್ಲ. "ಹೆದರಬ್ಯಾಡ ಕನ, ಕೆರೆ ತಾನೆ, ಏರಿ ಎಲ್ಲಿಗೂ ಹೋಗಕಿಲ್ಲ" ಅಂದೆ.

ಅಲ್ಲೀವರೆಗೂ ಮೊಮ್ಮಗಳ ಜೊತೆ ತಮಿಳಲ್ಲಿ ಮಾತಾಡ್ತಿದ್ದ ದೋಣಿಯಣ್ಣ ಹುಟ್ಟು ನಿಲ್ಲಿಸಿ ನಕ್ಕ. ಆಮೇಲೆ ತನ್ನ ಮಾತಲ್ಲೇ ಏನೋ ಅಂದ. ತಮಿಳಲ್ಲ, ನಮ್ಮದೂ ಅಲ್ಲ, ಆದ್ರೆ ಮುಕ್ಕಾಲು ಪಾಲು ಅರ್ಥವಾಯ್ತು. ಅವನು ಬಡಗರವನು. ಬಡಗಲಿಂದ ಬಂದೋರು ಅಂತ ಆ ಹೆಸರು; ನಾವೂ ದಿಕ್ಕು ಹೇಳೋದು ಬಡಗಲು, ತೆಂಕಲು ಅಂತಲೇ ತಾನೆ! ಅವರು ಊರಿಗೆ ಹಟ್ಟಿ ಅಂತಾರೆ. ಅವರ ದೇವತೆ ಹೆತ್ತೆ. ನಮ್ಮ ಪದಗಳಲ್ಲಿ ಹೆತ್ತವ್ವ ಬರ್ತಾಳಲ್ಲ, ಆ ಮಾತೇ.

"ಯಾವೂರಣ್ಣ ನಿಮ್ದು?" ಅಂದ.

"ತಾಳವಾಡಿ."

"ತಲಮಲೆ ಹತ್ರವಾ?"

"ತಲಮಲೆ ದಾಟಿಕೊಂಡೇ ಕನಪ್ಪ ನಾವು ದಿಂಬಂಗೆ ಹೋಗೋದು."

ಆಗ ಅವನು ಹೇಳಿದ ಕತೆ ಇದು. ಅವರ ಹಿರಿಯರು ಏಳು ಜನ ಅಣ್ತಮ್ಮಂದಿರು, ಜೊತೆಗೊಬ್ಬಳು ತಂಗಿ. ಇದ್ದದ್ದು ತಲಮಲೆ ಬೆಟ್ಟದಲ್ಲಿ. ಒಬ್ಬ ದೊರೆ ತಂಗಿ ಮೇಲೆ ಕಣ್ಣು ಹಾಕಿದ. ಕೊಡಲ್ಲ ಅಂದ್ರೆ ಉಳಿಗಾಲವಿಲ್ಲ, ಕೊಟ್ರೆ ಮಾನವಿಲ್ಲ. ತಂಗೀನ ಕರಕೊಂಡು ರಾತ್ರೋರಾತ್ರಿ ಮನೆ, ಹೊಲ ಬಿಟ್ಟು ಹೊರಟು ನೀಲಗಿರಿ ಹತ್ತಿದರು. ಆಮೇಲೆ ಒಬ್ಬೊಬ್ಬರು ಒಂದೊಂದು ಕಡೆ ನೆಲೆ ನಿಂತರು.

ನಲವತ್ತು ವರ್ಷದಿಂದ ಪದ ಹೇಳ್ತಾ ಬಂದೋನು ನಾನು. ಮಾದಪ್ಪನ ಕತೆ, ಮಂಟೇಸ್ವಾಮಿ ಕತೆ, ಬಿಳಿಗಿರಿರಂಗನ ಕತೆ ಎಲ್ಲ ಹಾಡಿದ್ದೀನಿ. ನಮ್ಮ ಮಗ್ಗುಲ ಬೆಟ್ಟದ ಈ ಕತೆ ನಮ್ಮ ಸೀಮೆಯ ಯಾರ ಬಾಯಲ್ಲೂ ನಾನು ಕೇಳಿಲ್ಲ. ಬಿಟ್ಟು ಹೋದೋರು ನೆನಪಲ್ಲಿ ಇಟ್ಟುಕೊಂಡವ್ರೆ, ಉಳಕೊಂಡೋರು ನಾವು ಮರೆತಿದ್ದೀವಿ.

"ನಿಮ್ಮ ಹಾಡು ಬರೆದಿಟ್ಟಿದ್ದೀರಾ?" ಅಂತ ಕೇಳಿದೆ. "ಬರೀತೀವಿ, ತಮಿಳು ಅಕ್ಷರದಲ್ಲಿ" ಅಂದ. ಮೊಮ್ಮಗಳು ನನ್ನ ಮೊಖ ನೋಡಿದಳು. ಯಾಕಂದ್ರೆ ಅವಳೂ ಹಾಗೇ. ಓದೋದು ತಮಿಳು ಇಸ್ಕೂಲು, ನನ್ನ ಪದಗಳನ್ನ ಒಂದು ನೋಟ್‌ಬುಕ್ಕಲ್ಲಿ ತಮಿಳಕ್ಷರದಲ್ಲೇ ಬರೀತಾಳೆ. ತಮಿಳಲ್ಲಿ ಕ-ಗ ಎರಡಕ್ಕೂ ಒಂದೇ ಅಕ್ಷರ, ಪ-ಬ ಎರಡಕ್ಕೂ ಒಂದೇ. ನಾನು ಗಾಳಿ ಬೀಸಿತು ಅಂತ ಹಾಡಿದ್ದನ್ನ ಅವಳು ತಿರುಗಿ ಓದಿದರೆ ಕಾಳಿ ಬೀಸಿತು ಅಂತಾಗುತ್ತೆ. ನಾನಿರೋವರೆಗೆ ತಿದ್ದಬಹುದು.

ಮಂಜು ಹರಿಯೋಕೆ ಅರ್ಧ ಗಂಟೆ ಹಿಡೀತು. ದೋಣಿಯಣ್ಣ ಒಂದು ಪದ ಹೇಳು ಅಂದ, ಹೇಳಿದೆ. ಕಂಸಾಳೆ ತಂದಿರಲಿಲ್ಲ, ಅವನೇ ದೋಣಿ ಅಂಚಿಗೆ ಬೆರಳಲ್ಲಿ ತಾಳ ಹಾಕಿದ. ದಡಕ್ಕೆ ಬಂದಾಗ ನಮ್ಮೋರೆಲ್ಲ ಗಾಬರಿಯಾಗಿ ನಿಂತಿದ್ರು.

ಈ ಕತೆಯನ್ನ ಪದ ಕಟ್ತಾ ಇದ್ದೀನಿ. ಅಣ್ತಮ್ಮಂದಿರು ಮೋಯಾರು ಹೊಳೆ ದಡಕ್ಕೆ ಬಂದು ನಿಂತವ್ರೆ, ನೀರು ತುಂಬಿ ಹರೀತಾ ಇದೆ. ಅಲ್ಲೀವರೆಗೆ ಆಗಿದೆ. ಮೊಮ್ಮಗಳು ಈ ಸಲ ಕನ್ನಡದಲ್ಲೇ ಬರೀತೀನಿ ಅಂತ ಇದೇ ವಾಚನಾಲಯಕ್ಕೆ ಭಾನುವಾರ ಬಂದು ಕಾಗುಣಿತ ಕಲೀತಾ ಅವ್ಳೆ, ಈಗ ಗಕಾರಕ್ಕೆ ಬಂದಿದ್ದಾಳೆ. ತಂಗಿಯ ಹೆಸರು ಮಾತ್ರ ನನಗೆ ಸಿಕ್ಕಿಲ್ಲ. ತಲಮಲೆ ಕಡೆ ಹಿರೀಕರು ಯಾರಾದ್ರೂ ಬಲ್ಲೋರಿದ್ರೆ ದಯವಿಟ್ಟು ವಾಚನಾಲಯದಲ್ಲಿ ಹೇಳಿ ಕಳಿಸಿ.